ನೋಟೆಡ್ ಸರ್ ಅಂದ ಮಂಗಳವಾರ

ನನ್ನ ಹತ್ತಿರ ನೂರು ಹಾಳೆಯ ಒಂದು ನೋಟ್‌ಬುಕ್ ಇತ್ತು. ಕಂಪ್ಯೂಟರಿನ ಮುಂದೆ ಕೂತು ದೂರದ ಊರಿನವರ ಜೊತೆ ಮೀಟಿಂಗ್ ಮಾಡುವಾಗ ಬೇಕಾಗುವ ಇಂಗ್ಲಿಷ್ ಮಾತುಗಳನ್ನೆಲ್ಲ ಅದರಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೆ. ಮೊದಲ ಪುಟದಲ್ಲಿ ‘ಕ್ಯಾನ್ ಯು ಹಿಯರ್ ಮಿ’. ಅದರ ಕೆಳಗೆ ‘ವಿ ವಿಲ್ ಲುಕ್ ಇನ್‌ಟು ಇಟ್’, ಇದು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಾಗ. ‘ಐ ವಿಲ್ ಗೆಟ್ ಬ್ಯಾಕ್ ಟು ಯು’, ಇದು ಸದ್ಯಕ್ಕೆ ನನ್ನನ್ನು ಬಿಟ್ಟರೆ ಸಾಕು ಅನ್ನಿಸಿದಾಗ. ‘ಯುವರ್ ವಾಯ್ಸ್ ಈಸ್ ಬ್ರೇಕಿಂಗ್’ ಎಂಬುದನ್ನು ದನಿ ಸ್ವಚ್ಛವಾಗಿ ಕೇಳುವಾಗಲೂ ಬಳಸಬಹುದು ಎಂಬುದು ನನ್ನದೇ ಶೋಧ.

ಇವುಗಳನ್ನು ಯಾವ ಪುಸ್ತಕದಿಂದಲೂ ಇಳಿಸಿಕೊಂಡದ್ದಲ್ಲ. ಮೀಟಿಂಗಿನಲ್ಲಿ ಆ ಕಡೆಯವರು ಆಡಿದ ಮಾತನ್ನು ಕೂಡಲೇ ಗೀಚಿಕೊಂಡು, ಮರುದಿನ ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ತುಟಿಯಲ್ಲೇ ಉರು ಹೊಡೆಯುತ್ತಿದ್ದೆ. ಒಮ್ಮೆ ಪಕ್ಕದ ಸೀಟಿನ ಅಜ್ಜಿ, ‘ಯಾವ ದೇವರ ಜಪಾ ಮಾಡಾಕತ್ತೀ ತಂಗಿ?’ ಎಂದು ಕೇಳಿದ್ದಳು. ನಗು ಬಂದರೂ ತಡೆದುಕೊಂಡು, ನಮ್ಮ ಮನೆದೇವರ ಹೆಸರು ಹೇಳಿಬಿಟ್ಟೆ. ಸುಳ್ಳು ನನಗೆ ಅಷ್ಟು ಸಲೀಸಾಗಿ ಬರುತ್ತಿತ್ತು.

ಎರಡು ಸಾವಿರದ ಆರೋ ಏಳೋ ಇರಬೇಕು. ಹುಬ್ಬಳ್ಳಿಯ ಗಬ್ಬೂರಿನ ಕಡೆ, ಬೈಪಾಸಿಗೆ ಹತ್ತಿರದಲ್ಲಿದ್ದ ಸಣ್ಣ ಕಾರ್ಖಾನೆಯೊಂದರಲ್ಲಿ ನನಗೆ ಆಫೀಸಿನ ಕೆಲಸ. ಅಲ್ಲಿ ಪಂಪುಗಳಿಗೆ ಬೇಕಾಗುವ ಹಿತ್ತಾಳೆಯ ಬುಶ್‌ಗಳನ್ನು, ಅಂದರೆ ಬಳೆಯಂಥ ಬಿಡಿಭಾಗಗಳನ್ನು, ಲೇಥ್ ಯಂತ್ರದ ಮೇಲೆ ಕಡೆದು ಚೆನ್ನೈನ ಒಂದು ಕಂಪನಿಗೆ ಕಳಿಸುತ್ತಿದ್ದೆವು. ಹೊಸದಾಗಿ ಬ್ರಾಡ್‌ಬ್ಯಾಂಡ್ ಬಂದಿತ್ತು. ಚೆನ್ನೈನವರು, ಇನ್ನು ಮುಂದೆ ಪ್ರತಿ ಮಂಗಳವಾರ ಕಂಪ್ಯೂಟರಿನಲ್ಲೇ ಮೀಟಿಂಗ್, ಮಾತೆಲ್ಲ ಇಂಗ್ಲಿಷಿನಲ್ಲಿ ಎಂದರು. ಮಾಲಕರಿಗೆ ಇಂಗ್ಲಿಷ್ ಬಾರದು. ಬಿ.ಕಾಂ. ಮಾಡಿದಾಕಿ ಅಂತ ನನ್ನನ್ನು ಕುರ್ಚಿಯಲ್ಲಿ ಕೂಡಿಸಿದರು. ನಾನು ಕನ್ನಡ ಸಾಲಿಯಲ್ಲಿ ಓದಿದವಳು, ಬಿ.ಕಾಂ. ಮುಗಿಸಿದ್ದು ಗೈಡುಗಳ ಪುಣ್ಯದಿಂದ. ಅದನ್ನು ಹೇಳಲಿಲ್ಲ.

ಮೀಟಿಂಗಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದವರು ಕಾಕಾ. ನನಗೆ ಸಂಬಂಧಿಕರಲ್ಲ, ಕಾರ್ಖಾನೆಗೆಲ್ಲ ಕಾಕಾ. ಬೆಂಗೇರಿಯ ಮನುಷ್ಯ, ಲೇಥ್ ಮೇಲೆ ಕೆಲಸ ಕಲಿತು ಸೂಪರ್‌ವೈಜರ್ ಆದವರು. ಕೆಲಸದ ಕಡೆಯಿಂದ ಒಬ್ಬರು ಇರಬೇಕು ಎಂಬುದು ಚೆನ್ನೈನವರ ಷರತ್ತು. ಮಂಗಳವಾರ ಬಂತೆಂದರೆ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿ, ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು, ಪರದೆಯೊಳಗಿನ ಮುಖಗಳಿಗೆ ಕೈಮುಗಿಯುತ್ತಿದ್ದರು. ‘ಗುಡ್ ಮಾರ್ನಿಂಗ್ ಸರ್’, ‘ಯೆಸ್ ಸರ್’, ‘ಥ್ಯಾಂಕ್ಯೂ ಸರ್’, ಇಷ್ಟೇ ಅವರ ಇಂಗ್ಲಿಷ್.

ಆದರೆ ಕಾರ್ಖಾನೆ ನಡೆಯುತ್ತಿದ್ದುದು ಅವರ ಚಾಕ್‌ಪೀಸಿನ ಮೇಲೆ. ಇಂಗ್ಲಿಷ್ ಡ್ರಾಯಿಂಗ್ ಓದುವ ತಾಳ್ಮೆ ಲೇಥಿನವರಿಗೆ ಇರಲಿಲ್ಲ. ಅಳತೆ ಬದಲಾದರೆ ಚೆನ್ನೈನವರು ನನಗೆ ಹೇಳಬೇಕು, ನಾನು ಕಾಕಾಗೆ ಹೇಳಬೇಕು, ಕಾಕಾ ಹೋಗಿ ಆಯಾ ಲೇಥಿನ ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಯಬೇಕು. ಅವರು ಬರೆದ ಮೇಲೆ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಆ ಗೋಡೆಯ ಅಂಕಿಗೆ ಮಾಲಕರ ಸಹಿಗಿಂತ ಹೆಚ್ಚು ಬೆಲೆ ಇತ್ತು.

ಒಂದು ಮಂಗಳವಾರ ಮಾಲಕರು ಇಬ್ಬರು ಬೀಗರನ್ನು ಕರೆದುಕೊಂಡು ಬಂದು ನನ್ನ ಬೆನ್ನ ಹಿಂದೆ ನಿಲ್ಲಿಸಿದರು. ‘ನೋಡ್ರಿ, ನಮ್ಮ ಹುಡುಗಿ. ಕನ್ನಡ ಸಾಲ್ಯಾಗ ಕಲತಾಕಿ, ಹೆಂಗ ಮಾತಾಡ್ತಾಳ ಕೇಳ್ರಿ.’ ನನಗೆ ತಲೆಯ ಮೇಲೆ ಎರಡು ಕೋಡು ಮೂಡಿದಂತಾಯಿತು. ಅಂದು ಕಾಕಾ ಹೊಸ ಮಾಲು ಇಳಿಸಿಕೊಳ್ಳಲು ಗೇಟಿಗೆ ಹೋಗಿದ್ದರು. ಮಾತಿನ ಮಧ್ಯೆ ಚೆನ್ನೈನ ಹಿರಿಯ ಇಂಜಿನಿಯರರು ಅವಸರವಾಗಿ ಏನೋ ಹೇಳಿದರು. ‘ಈ ಲಾಟಿನಿಂದ’ ಎಂಬುದು ತಿಳಿಯಿತು, ‘ಗ್ರೂವ್’ ಎಂಬುದು ತಿಳಿಯಿತು, ಆಮೇಲೊಂದು ಅಂಕಿ ಬಂತು, ಅದು ತಿಳಿಯಲಿಲ್ಲ.

‘ಕುಡ್ ಯು ಪ್ಲೀಸ್ ರಿಪೀಟ್ ದಟ್’ ಎಂಬುದು ನನ್ನ ನೋಟ್‌ಬುಕ್ಕಿನಲ್ಲಿ ಇತ್ತು. ಅದನ್ನು ಒಂದು ಸಲವೂ ಬಳಸಿರಲಿಲ್ಲ. ಅದನ್ನು ಅಂದರೆ ಇಂಗ್ಲಿಷ್ ಬಾರದವಳು ಎಂದು ಗೊತ್ತಾಗುತ್ತದೆ ಎಂಬ ಹೆದರಿಕೆ. ಹಿಂದೆ ಬೀಗರು ನಿಂತಿದ್ದಾರೆ. ನಾನು ಪೆನ್ನಿನಿಂದ ಹಾಳೆಯ ಮೇಲೆ ಸುಮ್ಮನೆ ಗೀಚುತ್ತ, ದೊಡ್ಡ ಆಫೀಸರಿನ ಠೀವಿಯಲ್ಲಿ, ‘ನೋಟೆಡ್, ಸರ್’ ಅಂದೆ.

ಮೀಟಿಂಗ್ ಮುಗಿದ ಮೇಲೆ ಇ-ಮೇಲ್ ಮಾಡಿ ಕೇಳಬಹುದಿತ್ತು. ಮಧ್ಯಾಹ್ನದೊಳಗೆ ಕೇಳುತ್ತೇನೆ ಅಂದುಕೊಂಡೆ, ಆಮೇಲೆ ನಾಳೆ ಅಂದುಕೊಂಡೆ. ಎರಡು ದಿನ ಕಳೆದ ಮೇಲೆ ಕೇಳಿದರೆ ಅಂದು ಯಾಕೆ ನೋಟೆಡ್ ಅಂದಿರಿ ಎಂದು ಅವರು ಕೇಳುತ್ತಾರಲ್ಲ ಎಂದು ಸುಮ್ಮನಾದೆ. ಅದೇನು ದೊಡ್ಡ ಸಂಗತಿ ಇರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಕಾಗೆ ಏನೂ ಹೇಳಲಿಲ್ಲ. ಗೋಡೆಯ ಮೇಲೆ ಹಳೇ ಅಂಕಿಯೇ ಉಳಿಯಿತು.

ಮೂರು ವಾರಕ್ಕೆ ಆ ಲಾಟು ಪೂರ್ತಿ ವಾಪಸ್ ಬಂತು. ಬುಶ್ಶಿನ ಒಳಗೆ ಎಣ್ಣೆ ಹರಿಯಲು ಕೊರೆಯುವ ಗೀರು, ಅಂದರೆ ಆ ಗ್ರೂವ್, ಅವರು ಹೇಳಿದಷ್ಟು ಆಳ ಇರಲಿಲ್ಲ.

ಮುಂದಿನ ಮಂಗಳವಾರ ಮಾಲಕರು ಊರಿನಲ್ಲಿರಲಿಲ್ಲ. ನಾನು ಮತ್ತು ಕಾಕಾ ಇಬ್ಬರೇ ಕೂತಿದ್ದೆವು. ಹಿರಿಯ ಇಂಜಿನಿಯರರು ಸಿಟ್ಟಾಗಿರಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬಿಡಿಸಿ ಬಿಡಿಸಿ ಕೇಳಿದರು: ಬದಲಾದ ಅಳತೆ ನಿಮ್ಮ ಕೆಲಸದವರಿಗೆ ತಲುಪಿತ್ತೇ? ಈ ಪ್ರಶ್ನೆ ಮಾತ್ರ ನನಗೆ ಅಕ್ಷರ ಅಕ್ಷರವಾಗಿ ತಿಳಿಯಿತು.

‘ಯೆಸ್ ಸರ್. ಐ ಇನ್‌ಫಾರ್ಮ್ಡ್. ಸೂಪರ್‌ವೈಜರ್ ಫರ್ಗಾಟ್’ ಅಂದೆ.

ಇದು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಎಲ್ಲಿಂದ ಬಂತೋ, ತಡವರಿಸದೆ ಬಂತು. ಅಷ್ಟು ದಿನದಲ್ಲಿ ನಾನು ಅಷ್ಟು ಶುದ್ಧವಾಗಿ ಇಂಗ್ಲಿಷ್ ಆಡಿದ್ದು ಅದೇ ಮೊದಲು.

ಕಾಕಾ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: ‘ಏನ್ ಕೇಳಾಕತ್ತಾರವಾ?’

‘ಹೊಸಾ ಲಾಟು ಲಗೂ ಕಳಸ್ರಿ ಅನ್ನಾಕತ್ತಾರ್ರಿ ಕಾಕಾ.’

ಆ ಕಡೆಯಿಂದ, ಸೂಪರ್‌ವೈಜರ್ ಪಕ್ಕದಲ್ಲೇ ಇದ್ದಾರಲ್ಲ, ಅವರು ಇದನ್ನು ಒಪ್ಪುತ್ತಾರೆಯೇ ಎಂದು ಕೇಳಿದರು. ನಾನು ಕಾಕಾನ ಕಡೆ ತಿರುಗಿ, ‘ಇನ್ನ ಮ್ಯಾಲೆ ಕಾಳಜಿಯಿಂದ ಮಾಡ್ತೀವಿ ಅಂತ ಹೇಳ್ಬೇಕಂತ್ರಿ. ಯೆಸ್ ಸರ್ ಅನ್ರಿ ಸಾಕು’ ಅಂದೆ.

ಕಾಕಾ ಕುರ್ಚಿಯಿಂದ ಅರ್ಧ ಎದ್ದು, ಪರದೆಗೆ ಕೈಮುಗಿದು, ‘ಯೆಸ್ ಸರ್. ಥ್ಯಾಂಕ್ಯೂ ಸರ್’ ಅಂದರು. ಅವರ ಮುಖದಲ್ಲಿ ನಗು ಇತ್ತು. ನಾನು ಮೌಸ್ ಹಿಡಿದುಕೊಂಡು ಕೆಳಗೆ ನೋಡುತ್ತಿದ್ದೆ.

ಅಂದೇ ಸಂಜೆ ಮೀಟಿಂಗಿನ ಟಿಪ್ಪಣಿ ಇ-ಮೇಲಿನಲ್ಲಿ ಬಂತು. ಸೂಪರ್‌ವೈಜರ್ ತಪ್ಪು ಒಪ್ಪಿಕೊಂಡಿದ್ದಾರೆ ಎಂದು ಅದರಲ್ಲಿತ್ತು. ಮಾಲಕರು ಬಂದ ಮೇಲೆ ಅದನ್ನು ಓದಿ ಕನ್ನಡದಲ್ಲಿ ಹೇಳಿದವಳೂ ನಾನೇ. ಅವರು ಕಾಕಾನನ್ನು ಕರೆಸಿ, ದನಿ ಏರಿಸದೆ, ‘ಆಕಿ ಹೇಳಿದ ಅಳತಿ ಮರತೀರಂತ. ಇನ್ನ ಮ್ಯಾಲೆ ಅಳತಿ ನೀವು ಬರಿಬ್ಯಾಡ್ರಿ. ಪ್ಯಾಕಿಂಗ್ ನೋಡಕೋರಿ’ ಅಂದರು. ಕಾಕಾ ಅಂಗಿಯ ಕಿಸೆಯಿಂದ ಚಾಕ್‌ಪೀಸ್ ತೆಗೆದು ಟೇಬಲಿನ ಮೇಲಿಟ್ಟರು. ನಿವೃತ್ತಿಗೆ ಇನ್ನು ಎರಡು ವರ್ಷ ಇದ್ದ ಮನುಷ್ಯ, ತನ್ನ ಕೈಕೆಳಗೆ ಕಲಿತವರ ಮುಂದೆ ರಟ್ಟಿನ ಡಬ್ಬಿಗೆ ಟೇಪು ಅಂಟಿಸುತ್ತ ಕೂತರು.

ಮನೆಗೆ ನಾನೊಬ್ಬಳೇ ಆಧಾರವಾಗಿದ್ದೆ, ನೌಕರಿ ಹೋದರೆ ಗತಿ ಇರಲಿಲ್ಲ ಎಂದು ಈಗ ಬರೆಯಬಹುದು. ಹಾಗೇನೂ ಇರಲಿಲ್ಲ. ಅಪ್ಪನಿಗೆ ನೌಕರಿ ಇತ್ತು, ಮನೆ ಸ್ವಂತದ್ದಿತ್ತು. ನಿಜ ಹೇಳಿದ್ದರೆ ಮಾಲಕರು ಎರಡು ಮಾತು ಬೈದು ಬಿಡುತ್ತಿದ್ದರು. ನಾನು ಉಳಿಸಿಕೊಂಡದ್ದು ಬರೀ ‘ಆಕಿಗೆ ಇಂಗ್ಲಿಷ್ ಬರ್ತದ’ ಎಂಬ ಹೆಸರನ್ನು.

ಕಾಕಾ ಜಗಳಕ್ಕೆ ಬರುತ್ತಾರೆ ಎಂದು ಕಾದಿದ್ದೆ. ನನಗೆ ನೀ ಹೇಳಲೇ ಇಲ್ಲ ಎಂದು ಕೂಗಾಡಿದ್ದರೆ ನಿಜ ಹೊರಗೆ ಬರುತ್ತಿತ್ತು. ಅವರು ಬಂದರು. ಊಟದ ಹೊತ್ತಿನಲ್ಲಿ ಬಂದು ಎದುರು ಕೂತು, ‘ನೀ ಹೇಳಿದ್ದಿ ಅಂದ್ರ ಹೇಳಿರ್ತಿ ತಂಗಿ. ನೀ ಯಾಕ ಸುಳ್ಳು ಹೇಳ್ತಿ? ನನಗ ನೆನಪ ಇಲ್ಲ ನೋಡು. ಯಾವಾಗ ಹೇಳಿದ್ದಿ ಅಂತ ಎಷ್ಟ ನೆನಸಿದರೂ ಹೊಳೀವಲ್ದು’ ಅಂದರು. ಆಮೇಲೆ, ‘ನಮ್ಮಪ್ಪಗೂ ಕಡೀಗೆ ಮರುವು ಹತ್ತಿತ್ತು. ಮಕ್ಕಳ ಗುರುತೂ ಸಿಗಲಿಲ್ಲ ಅವಗ. ನನಗೂ ಸುರು ಆತೇನೋ’ ಅಂದರು. ಆ ಮನುಷ್ಯ ಹೆದರಿದ್ದನ್ನು ನಾನು ಅಂದೇ ನೋಡಿದ್ದು.

‘ಸತ್ತೂರ ದವಾಖಾನಿಗೆ ಹೋಗಿ ತೋರಿಸ್ಬೇಕಂತ ಮಾಡೇನಿ. ಡಾಕ್ಟರ್ ಇಂಗ್ಲೀಷಿನ್ಯಾಗ ಏನರ ಅಂದ್ರ ನನಗ ತಿಳ್ಯಾಂಗಿಲ್ಲ. ನೀ ಬರ್ತೀ ಏನವಾ ಜೋಡಿ?’

ಹೋದೆ. ದಾರಿಯಲ್ಲಿ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡೇ ಹೋದೆ. ಬಸ್ಸಿನಲ್ಲಿ ಅವರು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ಟಿಕೀಟೂ ತಾವೇ ತೆಗೆಸಿದರು. ಇಳಿಯುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಡಾಕ್ಟರರು ಅಪ್ಪಟ ಧಾರವಾಡದವರು, ಒಂದೇ ಒಂದು ಇಂಗ್ಲಿಷ್ ಮಾತು ಆಡಲಿಲ್ಲ. ಐದು ವಸ್ತುಗಳ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಕಾಕಾ ಐದನ್ನೂ ಸರಿಯಾಗಿ ಹೇಳಿದರು. ನೂರರಿಂದ ಏಳೇಳು ಕಳೆಯಲು ಹೇಳಿದರೆ ಡಾಕ್ಟರೇ ಸಾಕು ಎನ್ನುವವರೆಗೆ ಕಳೆಯುತ್ತ ಹೋದರು.

‘ನೆನಪು ಛಲೋನೇ ಅದ ಅಲ್ರಿ. ಏನು ಮರತೀರಿ ನೀವು?’

‘ಈಕಿ ನಮ್ಮ ಆಫೀಸಿನಾಕಿ ರೀ. ಒಂದು ಅಳತಿ ಹೇಳಿದ್ಲರಿ. ಹೇಳಿದ್ದ ನೆನಪ ಇಲ್ರಿ ನನಗ.’

ಡಾಕ್ಟರರು ನನ್ನ ಕಡೆ ತಿರುಗಿದರು. ‘ಹೌದೇನವಾ? ಹೇಳಿದ್ದಿ ಏನು ನೀನು?’

ಪರದೆ ಇರಲಿಲ್ಲ, ಬೀಗರು ಇರಲಿಲ್ಲ. ಹುಟ್ಟಿದಾಗಿನಿಂದ ಆಡಿದ ನನ್ನದೇ ಮಾತಿನಲ್ಲಿ ಕೇಳಿದ್ದರು, ಅದೇ ಮಾತಿನಲ್ಲಿ ಉತ್ತರ ಕೊಡಬೇಕಿತ್ತು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

‘ಹೌದ್ರಿ’ ಅಂದೆ.

ಡಾಕ್ಟರರು ಸ್ವಲ್ಪ ಯೋಚಿಸಿ, ಕಾಗದದ ಮೇಲೆ ಏನೋ ಬರೆದು, ಮೂರು ತಿಂಗಳಿಗೆ ಗುಳಿಗೆ ಬರೆದುಕೊಟ್ಟರು. ದಿನಾ ಮಧ್ಯಾಹ್ನ ಊಟ ಆದ ಮೇಲೆ ಒಂದು. ಹೊರಗೆ ಬಂದ ಮೇಲೆ ಕಾಕಾ, ‘ನಾ ಮರತರ ನೀ ನೆನಪ ಮಾಡು ತಂಗಿ’ ಅಂದರು. ಮಾಡುತ್ತೇನೆ ಅಂದೆ.

ಮರುದಿನದಿಂದ ಊಟದ ಹೊತ್ತಿಗೆ ಪ್ಯಾಕಿಂಗ್ ಕಡೆಗೆ ಹೋಗುತ್ತಿದ್ದೆ. ಮೂರು ತಿಂಗಳಲ್ಲಿ ಒಂದು ದಿನವೂ ನಾನು ನೆನಪು ಮಾಡುವ ಪ್ರಸಂಗ ಬರಲಿಲ್ಲ. ನಾನು ಬಾಗಿಲಲ್ಲಿ ಕಾಣಿಸುವುದರೊಳಗೆ ಕಾಕಾ ಗುಳಿಗೆ ನುಂಗಿ ನೀರು ಕುಡಿದು, ಗುಳಿಗೆಯ ಹರಿದ ಪೊಟ್ಟಣವನ್ನು ಎತ್ತಿ ನನಗೆ ತೋರಿಸುತ್ತಿದ್ದರು.