ಕಾರ್ಡಿನ ಹಿಂಬದಿ

ನನಗೆ ಹೊಟ್ಟೆಕಿಚ್ಚಿನ ಸ್ವಭಾವವಿಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಸಹಪಾಠಿಗೆ ಚಿನ್ನದ ಪದಕ ಬಂದಾಗ ಚಪ್ಪಾಳೆ ತಟ್ಟಿದ್ದೇನೆ. ತಂಗಿಯ ಕೂದಲನ್ನು ನೆಂಟರು ಹೊಗಳುವಾಗ ನನ್ನದೂ ಎರಡು ಮಾತು ಸೇರಿಸಿದ್ದೇನೆ. ಅಂಥ ನಾನು ಈ ವರ್ಷ ಕೋಡಿ ಎಂಬ ಕಡಲತೀರದ ಊರಿನಲ್ಲಿ ಚಿಪ್ಪಿ ಹೆಕ್ಕುವ ಮುತ್ತಕ್ಕನನ್ನು ಕಂಡು ಕರುಬಿದೆ. ಯಾರಿಗೂ ಗೊತ್ತಾಗದಂತೆ, ಬಹಳ ಸಭ್ಯವಾಗಿ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಊರಿನ ಹೊಳೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲದ ಗಿಡ, ಹಳೆಯ ಗೋಡೆಗಳನ್ನು ಮಕ್ಕಳಿಗೂ ಪ್ರವಾಸಿಗಳಿಗೂ ನಡೆದಾಡಿಸುತ್ತಾ ತೋರಿಸುವವರಿಗೆ ನಾನು ಕಾರ್ಡುಗಳನ್ನು ಬರೆಯುತ್ತೇನೆ. ಎಲ್ಲಿ ನಿಲ್ಲಬೇಕು, ಏನು ತೋರಿಸಬೇಕು, ಏನು ಕೇಳಬೇಕು, ಎಲ್ಲವೂ ಅದರಲ್ಲಿರುತ್ತದೆ. ಬ್ರಹ್ಮಾವರದ ನಮ್ಮ ಮನೆಯಲ್ಲಿ ಅಮ್ಮ ಇದನ್ನು 'ಕಾರ್ಡಿನ ಕೆಲಸ' ಎಂದಷ್ಟೇ ಹೇಳುವುದರಿಂದ, ಒಬ್ಬರು ಮಗಳ ಮದುವೆಗೆ ನೂರೈವತ್ತು ಬೇಕೆಂದು ಕೇಳಿಕೊಂಡು ಬಂದಿದ್ದರು.

ಕೋಡಿಯ ನಡಿಗೆಗೆ ಹನ್ನೆರಡು ಕಾರ್ಡು ಮಾಡಿದ್ದೆ. ಒಂದು ಇಡೀ ಮಳೆಗಾಲದ ದುಡಿಮೆ. ಚಿಪ್ಪಿಯ ವೈಜ್ಞಾನಿಕ ಹೆಸರು ಓರೆ ಅಕ್ಷರದಲ್ಲಿ, ಸುಣ್ಣದ ಗಾರೆಯ ಚರಿತ್ರೆ ನೇರ ಅಕ್ಷರದಲ್ಲಿ. ಹಿಂಬದಿಯನ್ನು ಚೆಂದಕ್ಕೆಂದು ಖಾಲಿ ಬಿಟ್ಟಿದ್ದೆ. ಎಂಟು ಮಂದಿ ಶಾಲಾ ಶಿಕ್ಷಕರು ಒಂದು ಭಾನುವಾರ ಕಾರ್ಡು ಹಿಡಿದು ನಡೆದು, ಇದು ಉಪಯೋಗಕ್ಕೆ ಬರುತ್ತದೆ ಎಂದರೆ ಅಚ್ಚಿಗೆ, ಇಲ್ಲವೆಂದರೆ ಕಪಾಟಿಗೆ.

ನಾನು ಎಲ್ಲದರಲ್ಲೂ ನಿಖರತೆ ಬೇಕೆನ್ನುವವಳು. ಹಿಂದಿನ ಭಾನುವಾರವೇ ಒಬ್ಬಳೇ ಹೋಗಿ ನಡೆದು, ಪ್ರತಿ ನಿಲುಗಡೆಗೂ ನಿಮಿಷ ಬರೆದಿದ್ದೆ. ನಾಲ್ಕನೇ ಕಾರ್ಡು: 'ಬೆಳಿಗ್ಗೆ ಹತ್ತೂವರೆ. ಹೊಳೆಯ ಕೆಸರಿಗೆ ಇಳಿದು ಚಿಪ್ಪಿ ನೋಡುವುದು.' ಅಂದು ಕೆಸರು ಅಂಗೈಯಂತೆ ತೆರೆದು ಬಿದ್ದಿತ್ತು.

ಶಿಕ್ಷಕರನ್ನು ಕರೆದುಕೊಂಡು ಹೋದ ದಿನ ಹತ್ತೂವರೆಗೆ ಸರಿಯಾಗಿ ತಲುಪಿದೆವು. ಕೆಸರು ಇರಲಿಲ್ಲ. ದಡ ಮುಟ್ಟುವಷ್ಟು ನೀರು, ಅದರ ಮೇಲೆ ಬಿಸಿಲು. ಎಂಟು ಮಂದಿಯೂ ಕಾರ್ಡು ನೋಡಿದರು, ನೀರು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ದಡದ ನೆರಳಲ್ಲಿ ಬಲೆಯ ತುಂಡೊಂದನ್ನು ಹೊಲಿಯುತ್ತಾ ಕುಳಿತಿದ್ದ ಹೆಂಗಸು ತಲೆ ಎತ್ತದೆಯೇ ಹೇಳಿದರು: "ಹೆಣೆ, ಇವತ್ತ್ ಹುಣ್ಣಮಿ ಅಲ್ದಾ? ಅಷ್ಟಮಿಗ್ ಬಂದ್ ಕಂಡ್ಕಂಡ್ ಹೋಯಿ, ಹುಣ್ಣಮಿಗೂ ಅದೇ ಹೊತ್ತಿಗ್ ಬಪ್ದಾ? ನೀರ್ ಎಂತ ಬಸ್ಸಾ, ಹತ್ತೂವರಿಗ್ ಹೊರಡುಕೆ?"

ಅವರೇ ಮುತ್ತಕ್ಕ. ಭರತ ಇಳಿತಗಳು ದಿನದಿನವೂ ಮುಕ್ಕಾಲು ಗಂಟೆಯಷ್ಟು ತಡವಾಗುತ್ತವೆಂಬುದು ನನಗೆ ತಿಳಿಯದ್ದೇನಲ್ಲ. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಪೂರ್ತಿ ಅಂಕ ತೆಗೆದವಳು. ಆದರೆ ಚಂದ್ರ ಇದ್ದದ್ದು ನನ್ನ ಉತ್ತರಪತ್ರಿಕೆಯಲ್ಲಿ, ಕೈಗಡಿಯಾರದಲ್ಲಿ ಇರಲಿಲ್ಲ.

ಇಳಿತಕ್ಕೆ ಸಂಜೆಯಾಗಬೇಕಿತ್ತು. ಹೀಗಾಗಿ ಶಿಕ್ಷಕರು ಮುತ್ತಕ್ಕನ ಸುತ್ತ ಕುಳಿತರು. ಅವರು ಕೈ ನಿಲ್ಲಿಸದೆ ಮಾತಾಡಿದರು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಬುಟ್ಟಿಯನ್ನೇ ಕೊಡದೆ, ಕೆಸರಲ್ಲಿ ಬರಿಗಾಲಲ್ಲಿ ನಡೆಸಿ, ಕಾಲ್ಬೆರಳಿಗೆ ಚಿಪ್ಪಿ ಗೊತ್ತಾಗುವ ತನಕ ಕಣ್ಣಲ್ಲಿ ಹುಡುಕಬಾರದೆಂದು ಕಟ್ಟಪ್ಪಣೆ ಮಾಡಿದ್ದರಂತೆ. ಹೆಬ್ಬೆರಳ ಉಗುರಿಗಿಂತ ಸಣ್ಣದನ್ನು ಅಲ್ಲೇ ಬಿಡಬೇಕಂತೆ. ಹುಣ್ಣಿಮೆಯ ಏಡಿ ಬೆಳದಿಂಗಳಲ್ಲಿ ತಿರುಗಿ ತಿರುಗಿ ಬಡಕಲಾಗುತ್ತದೆ, ಅದನ್ನು ಕೊಳ್ಳುವವರು ಪೇಟೆಯವರು ಮಾತ್ರ ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಂದಿನ ದಿನ ನಾನೇ ಮನೆಗೆ ಕೊಂಡು ತಂದದ್ದು ಏಡಿಯೇ ಆಗಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಕ್ಷಮಿಸುತ್ತಿದ್ದೆ. ಬರುವಾಗ ದಾಟಿಬಂದ, ಹಿಂದಿರುಗುವಾಗ ನಿಲ್ಲಬೇಕಿದ್ದ ಹಳೆಯ ಗುದಾಮಿನ ಕಡೆ ಸೂಜಿ ತೋರಿಸಿ ಅವರೆಂದರು: "ನೀವ್ ಕಂಡ್ಕಂಡ್ ಬಂದ್ರಲೆ ಆ ಗ್ವಾಡಿ, ಅದೂ ಚಿಪ್ಪಿಯೇ. ಸುಟ್ಟ್ ಸುಣ್ಣ ಮಾಡಿದ್ ಅಷ್ಟೆ."

ಪ್ರಕೃತಿಗೆ ನಾಲ್ಕನೇ ಕಾರ್ಡು, ಪರಂಪರೆಗೆ ಏಳನೇ ಕಾರ್ಡು ಎಂದು ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಮಾಡಿದ್ದ ನಾನು ಆ ಒಂದು ವಾಕ್ಯದ ಮುಂದೆ ಕೂತಿದ್ದೆ. ಆ ವಾಕ್ಯ ನನ್ನದಾಗಬೇಕಿತ್ತು. ಬೇಕಾದ ಸಾಮಗ್ರಿಯೆಲ್ಲ ನನ್ನ ಹತ್ತಿರವೇ ಇತ್ತು.

ಅರಿಷಡ್ವರ್ಗದ ಸಾಲಿನಲ್ಲಿ ಮತ್ಸರಕ್ಕೆ ಕೊನೆಯ ಸ್ಥಾನ ಯಾಕೆಂದು ಆಮೇಲೆ ಯೋಚಿಸಿದ್ದೇನೆ. ಮೊದಲಿನ ಐದು ಶತ್ರುಗಳು ಬಂದು ದಣಿದು ಹೋದರೂ ಇದು ಬಾಗಿಲಲ್ಲೇ ಕೂತಿರುತ್ತದೆ. ಮೊದಲ ಸ್ಥಾನದ ಕಾಮವನ್ನು ಕಂಡು ಅಲ್ಲೂ ಕರುಬುತ್ತಿರಬಹುದು. ಕಾಮ ಕ್ರೋಧಗಳಿಗಾದರೂ ಕಣ್ಣು ಮೂಗು ಕೆಂಪಾಗುತ್ತವೆ. ಮತ್ಸರ ಎಲ್ಲರ ಜೊತೆ ಕೂತು 'ಎಷ್ಟು ಚೆನ್ನಾಗಿ ಹೇಳಿದರಲ್ಲ' ಎನ್ನುತ್ತದೆ. ನಾನು ಹಾಗೆಯೇ ಅಂದೆ.

ಕಾರ್ಡುಗಳನ್ನು ವಾಪಸು ಪಡೆದು ಬಸ್ಸಿನಲ್ಲಿ ಬಿಡಿಸಿ ನೋಡಿದೆ. ಮುಂಬದಿಯಲ್ಲಿ ಒಂದು ತಿದ್ದುಪಡಿಯಿಲ್ಲ, ಒಂದು ಗೆರೆಯಿಲ್ಲ. ಹಿಂಬದಿ ಮಾತ್ರ ಪೆನ್ಸಿಲ್ಲಿನಲ್ಲಿ ತುಂಬಿಹೋಗಿತ್ತು: ಉಗುರು, ಏಡಿ, ಅತ್ತೆ, ಗೋಡೆ. ಹಿರಿಯ ಶಿಕ್ಷಕಿಯೊಬ್ಬರು 'ಕಾರ್ಡು ತುಂಬ ಉಪಯುಕ್ತ, ಬರೆದುಕೊಳ್ಳಲು ಜಾಗ ಬಿಟ್ಟದ್ದು ಒಳ್ಳೆಯದಾಯಿತು' ಎಂದು ಷರಾ ಬರೆದಿದ್ದರು. ಕೆಲಸ ಅಚ್ಚಿಗೆ ಹೋಗುವುದು ಖಚಿತವಾಯಿತು. ಎರಡೂ ಬದಿ.

ಹಿಂಬದಿಯಲ್ಲಿ ಮುತ್ತಕ್ಕನ ಮಾತು, ಅವರದೇ ಹೆಸರಿನಲ್ಲಿ. ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಲೆಂದು ನಾನೇ ಹೋದೆ, ಈ ಸಲ ಇಳಿತದ ಹೊತ್ತು ನೋಡಿಕೊಂಡು. ಕೆಸರು ಕಾಲಿನಲ್ಲೇ ಬಂದು ಕುಳಿತು ಕೇಳಿಸಿಕೊಂಡರು. ಎರಡು ಕಡೆ ತಿದ್ದಿದರು. 

"ಅತ್ತಿ ಹೇಳಿದ್ರಗೆ ಅರ್ಧ ಮರ್ತ್ ಹೋಯ್ತ್," ಎಂದರು. "ಅವ್ರ್ ಹಾಡ್ ಹೇಳ್ತಿದ್ರ್, ಒಂದ್ ಸಾಲೂ ಇಲ್ಲೆ ಈಗ. ನಿಂಗಾರೆ ಬರಿಯೂಕ್ ಬತ್ತ್. ನಿನ್ ಕಂಡ್ರೆ ಹೊಟ್ಟಿಕಿಚ್ಚ್ ಆತ್ತ್ ಮಾರಾಯ್ತಿ."

ನಾನು ವಾರಗಟ್ಟಲೆ ಮಡಚಿ ಒಳಗಿಟ್ಟುಕೊಂಡದ್ದನ್ನು ಅವರು ಬುಟ್ಟಿ ಮಗುಚಿದ ಹಾಗೆ ಸುರಿದುಬಿಟ್ಟರು. ಆ ಸಲೀಸನ್ನು ಕಂಡು ಮತ್ತೊಮ್ಮೆ ಕರುಬಿದೆ. ನನಗೂ ನಿಮ್ಮ ಮೇಲೆ ಇದೆ ಎಂದೆ, ಮೆಲ್ಲಗೆ.

"ಗೊತ್ತಿತ್ತ್. ಅವತ್ತೇ ನಿನ್ ಮುಖ ಕಂಡಿದೆ," ಎಂದು ಚಿಪ್ಪಿ ತೊಳೆಯಲು ಎದ್ದರು.

ನಾಲ್ಕನೇ ಕಾರ್ಡಿನಲ್ಲಿ ಈಗ ಗಂಟೆ ಇಲ್ಲ, ಹೊರಡುವ ಮೊದಲು ತಿಥಿ ನೋಡಿ ಎಂದಿದೆ. ಅದು ಏಳನೆಯದರ ಪಕ್ಕಕ್ಕೆ ಬಂದಿದೆ, ಬಣ್ಣವೂ ಒಂದೇ. ನಡಿಗೆಗೆ ಬರುವವರು ಕಾರ್ಡು ಕೈಗೆ ಸಿಕ್ಕೊಡನೆ ಹಿಂಬದಿ ತಿರುಗಿಸಿ ಅದನ್ನೇ ಮೊದಲು ಓದುತ್ತಾರೆ. ನಾನು ಸ್ವಲ್ಪ ದೂರ ನಿಂತು ನೋಡುತ್ತೇನೆ. ಒಳಗೆ ಎಲ್ಲೋ ಸಣ್ಣಗೆ ಉರಿಯುತ್ತದೆ. ಮನೆಗೆ ಬಂದು ಅಚ್ಚಾದ ಕಟ್ಟು ಬಿಡಿಸಿದರೆ ನಾನು ಮೊದಲು ತಿರುಗಿಸುವುದೂ ಅದೇ ಬದಿಯನ್ನು.