ಜಪಾನ್ ಮಾಸ್ತರರ ಮಗಳು

ಆಂಧ್ರದ ಗಡಿಯ ಬೇವಿನಹಾಳಿನ ಕನ್ನಡ ಶಾಲೆಯ ಸೇತುಮಾಧವ ಮಾಸ್ತರರು ಜಪಾನು ಕಂಡವರಲ್ಲ. ಜಪಾನು ಹಾಳಾಗಲಿ, ಗುಂತಕಲ್ಲು ಜಂಕ್ಷನ್ ದಾಟಿ ಆಚೆ ಹೋದದ್ದೇ ಒಂದು ಸಲ, ಅದೂ ತಿರುಪತಿಗೆ, ಮುಡಿ ಕೊಡಲಿಕ್ಕೆ. ಆದರೂ ಹೊಳಗುಂದದಿಂದ ಹಾಲಹರವಿಯವರೆಗೆ ಯಾರನ್ನಾದರೂ ನಿಲ್ಲಿಸಿ ಸೇತುಮಾಧವ ಮಾಸ್ತರು ಎಲ್ಲಿ ಎಂದು ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಜಪಾನ್ ಮಾಸ್ತರು ಅಂದರೆ ಮಾತ್ರ, "ಓ, ಅವರಾ? ಬಸ್ಸು ಇನ್ನಾ ಬಂದಿಲ್ಲಲ್ರೀ, ಕುಂದರ್ರಿ" ಅನ್ನುತ್ತಿದ್ದರು.

ಈ ಜಪಾನು ಅವರಿಗೆ ಅಂಟಿಕೊಂಡದ್ದು ಕರ್ನೂಲಿನಲ್ಲಿ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅಲ್ಲಿ ಮಾಸ್ತರುಗಳಿಗೆಲ್ಲ ತರಬೇತಿ ಶಿಬಿರ ನಡೆಯಿತು. ಒಬ್ಬ ಪ್ರೊಫೆಸರು ಬಂದು, ಯಾವ ದೇಶದ ಶಾಲೆ ಯಾಕೆ ಮುಂದೆ ಬಂತು, ಯಾವ ದೇಶದ್ದು ಯಾಕೆ ಹಿಂದೆ ಬಿತ್ತು ಎಂದು ಮಧ್ಯಾಹ್ನದ ಊಟದ ಮೇಲೆ ಮಾತಾಡಿದರು. ಅನ್ನ ಸಾರು ಉಂಡು ಕೂತ ಜನಕ್ಕೆ ಆ ಹೊತ್ತಿನಲ್ಲಿ ಭಾಷಣ ಮಾಡುವುದೇ ಪಾಪ. ರಷ್ಯಾ, ಜರ್ಮನಿ ಮುಗಿಯುವಷ್ಟರಲ್ಲಿ ಮಾಸ್ತರರಿಗೆ ಜೋಂಪು ಹತ್ತಿತು. ಎಚ್ಚರಾದಾಗ ಜಪಾನು ನಡೆದಿತ್ತು. ಹೀಗಾಗಿ ಅವರ ಪಾಲಿಗೆ ಜಪಾನೇ ಬಂತು.

ಬಂದ ಜಪಾನನ್ನು ಅವರು ಬಹಳ ಜಾಣತನದಿಂದ ಬಳಸಿದರು. ಜಪಾನಿನಲ್ಲಿ ಹುಡುಗರೇ ಶಾಲೆಯ ಕಸ ಹೊಡೆಯುತ್ತಾರೆ ಎಂದರು. ಬೇವಿನಹಾಳಿನ ಹುಡುಗರು ಹೊಡೆದರು, ಮಾಸ್ತರರು ಪೇಪರು ಓದಿದರು. ಜಪಾನಿನಲ್ಲಿ ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುತ್ತಾರೆ ಎಂದರು. ಐದನೇ ಇಯತ್ತೆಯವರು ಒಂದನೆಯವರಿಗೆ ಮಗ್ಗಿ ಹೇಳಿಸಿದರು, ಮಾಸ್ತರರು ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಜಪಾನಿನ ಮಾಸ್ತರರು ಏನು ಮಾಡುತ್ತಾರೆ ಎಂಬುದು ಮಾತ್ರ ಈ ಜಪಾನಿನಲ್ಲಿ ಎಂದೂ ಬರಲಿಲ್ಲ. ಮಾಸ್ತರರು ಬರುವ ಆದೋನಿಯ ಬಸ್ಸು ಬಂದಾಗ ಶಾಲೆ ತೆರೆಯುತ್ತಿತ್ತು, ಅದೇ ಬಸ್ಸು ತಿರುಗಿ ಹೊರಟಾಗ ಮುಚ್ಚುತ್ತಿತ್ತು. ಹಾರ್ನು ಕೇಳಿದರೆ ಸಾಕು, ಹುಡುಗರು ಪಾಟಿ ಚೀಲಕ್ಕೆ ತುರುಕಿ ಏಳುತ್ತಿದ್ದರು. ಮನುಷ್ಯ ಕೆಟ್ಟವರೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೂ ಕೇಳುವವರಿಲ್ಲದ ಕಡೆ ಕೂತ ಮನುಷ್ಯ, ಅಷ್ಟೇ.

ಕೇಳುವವರು ಒಂದು ಜೂನ್ ತಿಂಗಳಲ್ಲಿ ಬಂದರು. ಮರಿಬಸಪ್ಪ ಹತ್ತಿ ಮತ್ತು ಶೇಂಗಾ ವ್ಯಾಪಾರಿ, ಊರಿನ ಎರೆಹೊಲದಲ್ಲಿ ಅರ್ಧ ಅವರದೇ. ಮೂರನೇ ಇಯತ್ತೆಗೆ ಬಂದ ಮಗನ ಕೈ ಹಿಡಿದು ಶಾಲೆಯ ಕಟ್ಟೆಯ ಮೇಲೆ ಕೂತರು.

"ಮಾಸ್ತರ, ನಮ್ಮ ಹುಡುಗಂದು ಟೀಸಿ ಬರದು ಕೊಡ್ರಿ. ಆದೋನಿ ಕಾನ್ವೆಂಟಿಗೆ ಹಾಕ್ತೀನಿ."

ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮರಿಬಸಪ್ಪನ ಮಗ ಎದ್ದರೆ ಊರಿನ ಅಂಗಡಿಕಾರರ ಮಕ್ಕಳೆಲ್ಲ ಹಿಂದೆಯೇ ಏಳುತ್ತಾರೆ. ಮಕ್ಕಳು ಕಡಿಮೆಯಾದರೆ ಪೋಸ್ಟು ರದ್ದು. ಪೋಸ್ಟು ರದ್ದಾದರೆ ಇವರನ್ನು ಒಯ್ದು ಎಲ್ಲೋ ಆತ್ಮಕೂರಿನ ಆಚೆ, ನಲ್ಲಮಲದ ಕಾಡಿನಂಚಿಗೆ ಎಸೆಯುತ್ತಾರೆ. ಆದೋನಿಯ ಸ್ವಂತ ಮನೆ, ಸಂಜೆಯ ರಾಯರ ಮಠ, ಹೆಂಡತಿ ಅಂಬೂಬಾಯಿಯ ಕೈಯ ಬಿಸಿ ಊಟ, ಎಲ್ಲಕ್ಕೂ ನಮಸ್ಕಾರ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಜಪಾನೇ.

"ಮರಿಬಸಪ್ಪನವರ, ಜಪಾನಿನಾಗ ಹೆಂಗದ ಗೊತ್ತೇನ್ರಿ? ಕಲೆಕ್ಟರನ ಮಗಾ, ಹಮಾಲನ ಮಗಾ ಒಂದೇ ಸಾಲಿ, ಒಂದೇ ಮಣೆ! ಅದಕ್ಕೇ ಅವರ ಸಾಲಿ ಮುಂದ ಬಂದಾವ. ನಿಮ್ಮಂಥವರೇ ಮಕ್ಕಳನ್ನ ಎಬ್ಬಿಸಿಕೊಂಡು ಹೋದ್ರ ಸಾಲಿ ಸುದ್ದ ಮಾಡ್ರಿ ಅಂತ ಕೇಳೋರು ಯಾರು?"

ಪ್ರೊಫೆಸರು ಇದನ್ನು ನಿಜವಾಗಿ ಹೇಳಿದ್ದರೋ, ಜೋಂಪಿನಲ್ಲಿ ಮಾಸ್ತರರೇ ಕಂಡಿದ್ದರೋ, ರಾಯರೇ ಬಲ್ಲರು.

ಮರಿಬಸಪ್ಪ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಹಾಕಿಕೊಂಡರು. "ಹೌದ? ಅಲ್ಲಿ ಮಾಸ್ತರನ ಮಕ್ಕಳು ಎಲ್ಲಿ ಓದ್ತಾರ?"

"ಅಲ್ಲೇ! ಅದೇ ಸಾಲ್ಯಾಗ!" ಮಾಸ್ತರರು ತೊಡೆ ತಟ್ಟಿ ಕೂಗಿದರು.

"ನಿಮ್ಮ ಮಗಳು?"

ಮಾಸ್ತರರ ಒಬ್ಬಳೇ ಮಗಳು ವೃಂದಾ ಆದೋನಿಯ ಕಾನ್ವೆಂಟಿನಲ್ಲಿ ಓದುತ್ತಿದ್ದದ್ದು ಇಡೀ ಊರಿಗೆ ಗೊತ್ತಿತ್ತು. ನೀರಿನ ಕೊಡ ಹೊತ್ತು ಹೋಗುತ್ತಿದ್ದ ಉಚ್ಚಮ್ಮ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕನೆ ನಕ್ಕಳು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು.

"ನಾ ವ್ಯಾಪಾರದಾಗ ಹುಟ್ಟಿದಾಂವ ಮಾಸ್ತರ," ಎಂದರು ಮರಿಬಸಪ್ಪ, ಏಳುತ್ತ. "ಗಾಣದಾಂವ ತನ್ನ ಎಣ್ಣಿ ತಾ ಉಣ್ಣಂಗಿಲ್ಲ ಅಂದ್ರ ಆ ಎಣ್ಣಿ ನಾ ಕೊಳ್ಳಂಗಿಲ್ಲ. ನಿಮ್ಮ ಮಗಳು ಇಲ್ಲಿಗೆ ಬಂದ್ರ ನನ್ನ ಮಗನೂ ಇಲ್ಲೇ. ಆಕಿ ಎದ್ದ ದಿನ ಇವನೂ ಎದ್ದ. ಮಾತು ಅಂದ್ರ ಮಾತು."

ಆ ಸಂಜೆ ಆದೋನಿಯ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯುವುದು ಮರ್ಯಾದೆಯಲ್ಲ. ಆ ಕಾನ್ವೆಂಟಿನ ಸೀಟಿಗಾಗಿ ಅಂಬೂಬಾಯಿ ಸಿಸ್ಟರುಗಳ ಮುಂದೆ ನಿಂತು ನಿಂತು ಕಾಲು ಸೋತವಳು.

"ನಿಮ್ಮ ಜಪಾನಿಗೆ ಬೆಂಕಿ ಹಚ್ಚ!" ಎಂದಳು. "ನೀವು ಕಲಿಸೋ ಸಾಲ್ಯಾಗ ನನ್ನ ಮಗಳು ಕಲೀಬೇಕೇನ್ರಿ? ನೀವು ಹೆಂಗ ಕಲಿಸ್ತೀರಿ ಅಂತ ನನಗ ಗೊತ್ತಿಲ್ಲೇನು?"

ಮಾಸ್ತರರು ಕಾಡು, ಚಿರತೆ, ಮಲೇರಿಯಾ ಎಲ್ಲ ವರ್ಣಿಸಿದರು. ಚಿರತೆಗೆ ಅವಳು ಬಗ್ಗಲಿಲ್ಲ, ಮಲೇರಿಯಾಕ್ಕೆ ಸ್ವಲ್ಪ ಬಗ್ಗಿದಳು. ಮರುದಿನ ಸಿಸ್ಟರುಗಳ ಕಾಲು ಹಿಡಿದು, ವರ್ಷದ ಮೇಲೆ ಸೀಟು ಮತ್ತೆ ಕೊಡುತ್ತೇವೆ ಎಂಬ ಮಾತು ತಂದಳು.

"ಒಂದೇ ವರ್ಷ. ಬರೋ ಜೂನಿನಾಗ ನಾನೇ ಪರೀಕ್ಷಾ ಮಾಡ್ತೀನಿ. ಆಕಿ ಹಿಂದ ಬಿದ್ದಿದ್ರ ಕಾನ್ವೆಂಟಿಗೆ. ನೀವು ಬೇಕಾದ್ರ ಕಾಡಿಗೆ ಹೋಗ್ರಿ, ಬೇಕಾದ್ರ ಜಪಾನಿಗೆ ಹೋಗ್ರಿ."

ಹೀಗೆ ಎರಡು ಜಡೆ, ಕೆಂಪು ರಿಬ್ಬನ್ನಿನ ವೃಂದಾ ಅಪ್ಪನ ಜೊತೆ ಬಸ್ಸು ಹತ್ತಿದಳು. ಮೊದಲ ದಿನ ಸಂಜೆ ಅಡಿಗೆಮನೆಯ ಹೊಸ್ತಿಲಲ್ಲಿ ವಿಚಾರಣೆ ನಡೆಯಿತು.

"ಇವತ್ತು ಏನು ಕಲಿಸಿದ್ರು?"

"ಅಪ್ಪಾ ಪೇಪರ್ ಓದಿದ್ರು. ಆಮ್ಯಾಲೆ ಜಪಾನಿನಾಗ ಹುಡುಗರು ಕಸ ಹೊಡೀತಾರ ಅಂದ್ರು, ಹೊಡದ್ವಿ. ಆಮ್ಯಾಲೆ ಮಲಕೊಂಡ್ರು. ಗೊರಕಿನೂ ಹೊಡದ್ರಮ್ಮಾ, ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ."

ಊಟಕ್ಕೆ ಕೂತ ಮಾಸ್ತರರ ಎಲೆಗೆ ಅಂದು ತುಪ್ಪ ಬೀಳಲಿಲ್ಲ. ಕೇಳುವ ಧೈರ್ಯವೂ ಅವರಿಗೆ ಆಗಲಿಲ್ಲ.

ಇನ್ಸ್‌ಪೆಕ್ಟರು ಅಂದರೆ ಮಾಸ್ತರರಿಗೆ ಹೆದರಿಕೆ ಇರಲಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದರು, ಬರುವ ಮುಂಚೆ ತಿಳಿಸುತ್ತಿದ್ದರು, ಒಂದು ಹಾರ ಹಾಕಿ ಎಳನೀರು ಕೊಟ್ಟರೆ ಸಹಿ ಹಾಕಿ ಹೋಗುತ್ತಿದ್ದರು. ಈ ಇನ್ಸ್‌ಪೆಕ್ಟರಮ್ಮ ದಿನಾ ಅವರ ಬಸ್ಸಿನಲ್ಲೇ ಬರುತ್ತಿದ್ದಳು, ಅವರ ಪಂಕ್ತಿಯಲ್ಲೇ ಉಣ್ಣುತ್ತಿದ್ದಳು. ಪೆಪ್ಪರಮೆಂಟು ಕೊಟ್ಟು ನೋಡಿದರು. ಅವಳು ಪೆಪ್ಪರಮೆಂಟು ತಿಂದು, ಸಂಜೆ ಅದನ್ನೂ ಹೇಳಿಬಿಟ್ಟಳು. ಮೂರು ದಿನ ಎಲೆಗೆ ಮಜ್ಜಿಗೆಯೂ ನೀರಾಗಿಯೇ ಬಿತ್ತು.

ತುಪ್ಪದ ಆಸೆಗೆ ಮಾಸ್ತರರು ಪೇಪರು ಬಿಟ್ಟರು. ಆದರೆ ಅವರು ಬದಲಾದದ್ದು ತುಪ್ಪಕ್ಕಲ್ಲ. ಆಷಾಢದ ಒಂದು ಮಧ್ಯಾಹ್ನ ಭಾಗಾಕಾರದ ಲೆಕ್ಕ ಹೇಳಿಕೊಟ್ಟು, "ತಿಳೀತಾ?" ಎಂದು ತಿರುಗಿದರು. ಹುಡುಗರೆಲ್ಲ ರೂಢಿಯಂತೆ "ತಿಳೀತು ಸಾರ್" ಎಂದರು. ವೃಂದಾ ಮಾತ್ರ ಏನೂ ಅನ್ನದೆ, ಬಾಯಿ ಅರ್ಧ ತೆರೆದು, ಬೋರ್ಡನ್ನು ನೋಡುತ್ತ ಕೂತಿದ್ದಳು. ಆ ಮುಖ ಮಾಸ್ತರರಿಗೆ ಹೊಸದಲ್ಲ. ಕೂಲಿಯ ಸುಂಕಣ್ಣನ ಮಗನದು ಅದೇ ಮುಖ, ಉಚ್ಚಮ್ಮನ ಮಗಳದು ಅದೇ ಮುಖ. ಅಂಥ ಮುಖಗಳನ್ನು ವರ್ಷಗಟ್ಟಲೆ ಕಂಡು, ಮೊದ್ದು ಮುಂಡೇವು, ಇವುಗಳ ತಲೆಗೆ ಹತ್ತುವುದಿಲ್ಲ ಎಂದು ಕುರ್ಚಿಗೆ ಒರಗಿದವರು ಅವರೇ. ಈಗ ಅದು ತಮ್ಮ ಮಗಳ ಮೇಲೆ ಬಂದು ಕೂತಿತ್ತು, ಮತ್ತು ತಮ್ಮ ಮಗಳು ಮೊದ್ದಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಾಸ್ತರರಿಗೆ ನಾಚಿಕೆಯಾಯಿತು. ಅಂಥಿಂಥ ನಾಚಿಕೆಯಲ್ಲ, ಕಿವಿ ಬಿಸಿಯಾಗುವ ನಾಚಿಕೆ.

ಹುಣಿಸೆಬೀಜ ತರಿಸಿದರು. ನೆಲದ ಮೇಲೆ ಪಾಲು ಹಾಕಿ ತೋರಿಸಿದರು, ಮತ್ತೆ ಕೂಡಿಸಿ ಮತ್ತೆ ಪಾಲು ಹಾಕಿದರು. ಬಸ್ಸು ಬಂತು, ಹಾರ್ನು ಹೊಡೆಯಿತು, ಹೋಯಿತು. ವೃಂದಾಳಿಗೆ ತಿಳಿದ ಹೊತ್ತಿಗೆ ಸುಂಕಣ್ಣನ ಮಗನಿಗೂ ತಿಳಿದು, ಅವನು ಎದ್ದು ನಿಂತು "ಬಂತು ಸಾರ್, ಬಂತು!" ಎಂದು ಕುಣಿದ. ಅಪ್ಪ ಮಗಳು ಮರಿಬಸಪ್ಪನ ಲಾರಿಯಲ್ಲಿ, ಹತ್ತಿಯ ಮೂಟೆಗಳ ಮೇಲೆ ಕೂತು ಆದೋನಿ ಸೇರಿದರು. ಮೈತುಂಬ ಹತ್ತಿ ಮೆತ್ತಿಕೊಂಡು ಬಾಗಿಲಲ್ಲಿ ನಿಂತ ಗಂಡನನ್ನು ಅಂಬೂಬಾಯಿ ಅಡಿಯಿಂದ ಮುಡಿಯವರೆಗೆ ನೋಡಿದಳು, ಮಗಳ ಬಾಯಿಂದ ಸುದ್ದಿ ಕೇಳಿದಳು, ಒಳಗೆ ಹೋಗಿ ತುಪ್ಪದ ಗಿಂಡಿ ತಂದಳು.

ಆಮೇಲೆ ಶಾಲೆ ಹಿಡಿದ ದಾರಿಯೇ ಬೇರೆ. ಮೂರು ಮಳೆಗಾಲ ಹುಡುಗರ ತಲೆಯ ಮೇಲೆ ಸೋರಿದ ತಗಡು, ವೃಂದಾಳ ಜಡೆಗೆ ಸೋರಿದ ವಾರವೇ ರಿಪೇರಿಯಾಯಿತು. ಪ್ರತಿ ವರ್ಷ ಸಂಕ್ರಾಂತಿಯ ತನಕ ಬಾರದ ಕನ್ನಡ ಪುಸ್ತಕಗಳನ್ನು ಮಾಸ್ತರರು ಪಂಚಾಯತಿ ಸಮಿತಿಯ ಆಫೀಸಿನ ಮುಂದೆ ಧರಣಿ ಕೂತಂತೆ ಕೂತು, ಗೋಣಿಚೀಲದಲ್ಲಿ ಹೊತ್ತು ತಂದರು. ಬೆಳಗಿನ ಮೊದಲ ಬಸ್ಸಿಗೇ ಬರತೊಡಗಿದರು. "ಏನ್ ಮಾಸ್ತರ, ಮನಿಯಾಗ ಜಗಳ ಆತೇನು?" ಎಂದು ಊರವರು ಕನಿಕರದಿಂದ ಕೇಳಿದರು.

ಮಾಘದಲ್ಲಿ ಡೆಪ್ಯುಟಿ ಇನ್ಸ್‌ಪೆಕ್ಟರು ಬಂದರು. ತೆಲುಗಿನವರು, ಕನ್ನಡ ಅರ್ಧಂಬರ್ಧ. ಯಾವ ಹುಡುಗನನ್ನು ಎಬ್ಬಿಸಿದರೂ ಲೆಕ್ಕ ಸರಿ ಬಂತು. ಮಾಸ್ತರರು ಹಾರ ಹಾಕಲು ಮರೆತಿದ್ದರೂ ಖುಷಿಯಾಗಿ, "ಏಮಯ್ಯಾ, ಏನು ಇದರ ರಹಸ್ಯ?" ಎಂದು ಕೇಳಿದರು.

"ನನ್ನ ಮಗಳು ಇಲ್ಲೇ ಓದ್ತಾಳ್ರಿ ಸಾರ್. ಅಷ್ಟೇ," ಎಂದರು ಮಾಸ್ತರರು.

ಸಾಹೇಬರು ಕೆಮ್ಮಿದರು. ಅವರ ಮಕ್ಕಳೆಲ್ಲ ಕರ್ನೂಲಿನ ಇಂಗ್ಲಿಷ್ ಶಾಲೆಯಲ್ಲಿದ್ದರು. "ಅದಿ ರಿಪೋರ್ಟುಲೋ ರಾಸ್ತಾರಾ ಎವರೈನಾ? ಅದನ್ನ ಯಾರಾದ್ರೂ ರಿಪೋರ್ಟಲ್ಲಿ ಬರೀತಾರಾ? ಬರೆಯೋ ಹಾಂಗೆ ಏನಾದ್ರೂ ಹೇಳು."

"ಜಪಾನ್ ಸಾರ್!" ಎಂದು ಹಿಂದಿನ ಸಾಲಿನಿಂದ ಮರಿಬಸಪ್ಪನ ಮಗ ಕೂಗಿದ. ಸಾಹೇಬರ ಮುಖ ಅರಳಿತು. ಜಪಾನ್ ಪದ್ಧತಿಯಿಂದ ಶಾಲೆ ಪ್ರಗತಿ ಸಾಧಿಸಿದೆ ಎಂದು ಬರೆದುಕೊಂಡು ಜೀಪು ಹತ್ತಿದರು.

ಬರೆದದ್ದು ವ್ಯರ್ಥವಾಗಲಿಲ್ಲ. ಜಪಾನ್ ಪದ್ಧತಿ ನೋಡಿ ಬನ್ನಿ ಎಂದು ತಾಲೂಕಿನ ಮಾಸ್ತರುಗಳಿಗೆಲ್ಲ ಹುಕುಂ ಆಯಿತು. ಒಂದು ಬಸ್ಸು ತುಂಬ ಬಂದರು. ಬೋರ್ಡಿನ ಹಿಂದೆ ಇಣುಕಿದರು, ಬೀರು ತೆರೆಸಿದರು. ಒಬ್ಬರಂತೂ ಹುಣಿಸೆಬೀಜದ ಡಬ್ಬಿ ಮೂಸಿ ನೋಡಿ, "ಇದು ಜಪಾನಿಂದ ತರಿಸಿದ್ದೇನ್ರಿ?" ಎಂದರು. ಮಧ್ಯಾಹ್ನದವರೆಗೂ ಮಾಸ್ತರರು ಪಾಠ ಮಾಡುವುದನ್ನೇ ನೋಡಿ ನೋಡಿ ಬೇಸತ್ತರು.

"ಎಲ್ಲಾ ಸರಿ, ಜಪಾನು ಎಲ್ಲೈತ್ರಿ?" ಎಂದು ಕೇಳಿದರು ಹಿರಿಯರೊಬ್ಬರು.

"ನಿಮ್ಮ ಮಕ್ಕಳು ಎಲ್ಲಿ ಓದ್ತಾರ್ರಿ?" ಎಂದರು ಸೇತುಮಾಧವ ಮಾಸ್ತರರು.

ಒಬ್ಬರು ಕನ್ನಡಕ ಒರೆಸಿಕೊಂಡರು. ಒಬ್ಬರು ತಗಡು ನೋಡಿದರು. ಅಷ್ಟರಲ್ಲಿ ಹಾರ್ನು ಕೇಳಿದ್ದೇ ತಡ, ಎಲ್ಲರೂ ಚಪ್ಪಲಿ ಹುಡುಕಿಕೊಂಡು ಓಡಿದರು. ಆದೋನಿಯಲ್ಲಿ ಮಕ್ಕಳನ್ನು ಕಾನ್ವೆಂಟಿನಿಂದ ಕರೆದುಕೊಂಡು ಹೋಗುವ ಹೊತ್ತಾಗಿತ್ತು.

ಜೂನ್ ಬಂತು. ಸೀಟು ಇದೆ ಎಂದು ಸಿಸ್ಟರು ಹೇಳಿಕಳಿಸಿದರು. ಅಂಬೂಬಾಯಿ ಮಗಳನ್ನು ಎದುರಿಗೆ ಕೂಡಿಸಿಕೊಂಡು ತಾನೇ ಪರೀಕ್ಷೆ ಮಾಡಿದಳು. ಲೆಕ್ಕ ಬಂತು, ಓದು ಬಂತು, ಬರಹ ಮುತ್ತು ಪೋಣಿಸಿದ ಹಾಗೆ ಬಂತು. ಆಮೇಲೆ ಪಕ್ಕದ ಮನೆಯ ಕಾನ್ವೆಂಟ್ ಹುಡುಗಿಯ ಇಂಗ್ಲಿಷ್ ಪುಸ್ತಕ ಇಸಿದುಕೊಂಡು ಬಂದು ಮುಂದಿಟ್ಟಳು. ವೃಂದಾ ಎರಡು ಸಾಲು ಓದಿ ತಡವರಿಸಿ ಅಪ್ಪನ ಮುಖ ನೋಡಿದಳು.

ಮಾಸ್ತರರು ಕಂಬಕ್ಕೆ ಒರಗಿ ನಿಂತಿದ್ದರು. ಅವಳು ಎದ್ದರೆ ಮರಿಬಸಪ್ಪನ ಮಗನೂ ಏಳುತ್ತಾನೆ, ಆಮೇಲೆ ಕಾಡೇ ಗತಿ. ಅದೆಲ್ಲ ಗೊತ್ತಿದ್ದೂ ಈ ಸಲ ಅವರ ಬಾಯಿಗೆ ಜಪಾನು ಬರಲಿಲ್ಲ.

"ಇಂಗ್ಲಿಷಿನಾಗ ಹಿಂದ ಬಿದ್ದಾಳ," ಎಂದರು. "ಸುಳ್ಳು ಯಾಕ ಹೇಳ್ಲಿ? ನನ್ನ ನೌಕರಿ ಸಲುವಾಗಿ ಆಕಿನ್ನ ಕೆಡಿಸೋದು ಬ್ಯಾಡ. ಕಾನ್ವೆಂಟಿಗೇ ಹಾಕು. ನಾನು ಮರಿಬಸಪ್ಪನ ಕೈಕಾಲು ಹಿಡೀತೀನಿ. ಆಗ್ಲಿಲ್ಲಂದ್ರ ಕಾಡಿಗೆ ಹೋಗ್ತೀನಿ. ಎಲ್ಲಿದ್ರೂ ಇನ್ನ ನಾ ಮಲಗೋದಿಲ್ಲ, ರಾಯರಾಣೆ."

"ನೀವು? ಮಲಗೋದಿಲ್ಲ?" ಅಂಬೂಬಾಯಿ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡಳು. ಒರೆಸಿಕೊಂಡ ಮೇಲೆ ಮುಖದಲ್ಲಿ ನಗು ಇರಲಿಲ್ಲ.

"ಒಂದು ತಿಂಗಳು ಎಚ್ಚರ ಇರ್ತೀರಿ. ಎರಡನೇ ತಿಂಗಳಿಗೆ ಮತ್ತ ಕುರ್ಚಿ, ಮತ್ತ ಪೇಪರು. ನಾ ಕಾಣದ ಗಂಡ ಏನು ನೀವು?" ಎಂದಳು. "ಆ ಸುಂಕಣ್ಣನ ಮಗನ್ನ ಸಂಜಿಗೆ ಕೂಡಿಸಿಕೊಂಡು ಇವತ್ತೇನು ಕಲಿಸಿದ್ರು ಅಂತ ಕೇಳೋರು ಯಾರಿದ್ದಾರ? ಅವನ ತಾಯಿ ಕೂಲಿಯಿಂದ ಬರೋದ್ರಾಗ ಆ ಕೂಸು ನಿದ್ದಿ ಹೋಗಿರ್ತದ. ಇಂಗ್ಲಿಷು ನೀವೇ ಕಲೀರಿ, ಆಕಿಗೂ ಕಲಿಸ್ರಿ, ಅವರಿಗೂ ಕಲಿಸ್ರಿ. ಸೀಟು ಬ್ಯಾಡ ಅಂತ ಸಿಸ್ಟರಿಗೆ ನಾ ಹೇಳ್ತೀನಿ. ಆಕಿ ನಿಮ್ಮ ಸಾಲ್ಯಾಗೇ ಇರ್ಲಿ."