ಒಪ್ಪದ ಕಡೆ ನಿಂತು ಮಾತಾಡಿದ ಭಾನುವಾರಗಳು

ಸೇಡಂ ಗ್ರಂಥಾಲಯದಲ್ಲಿ ಭಾನುವಾರದ ಚರ್ಚೆ ಶುರುವಾಗಬೇಕಾದರೆ ವಾಡಿ ಕಡೆಯ ಪ್ಯಾಸೆಂಜರ್ ಗಾಡಿ ಬರಬೇಕಿತ್ತು. ಗ್ರಂಥಾಲಯದ ಸರ್ ವಾಡಿಯಲ್ಲಿ ಮನೆ ಮಾಡಿದ್ದರು. ಅವರ ಹೆಂಡತಿಗೆ ರೈಲ್ವೆಯಲ್ಲಿ ನೌಕರಿ. ಗಾಡಿ ತಡವಾದ ದಿನ ಹೈಸ್ಕೂಲಿನ ನಾವೆಲ್ಲ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು, ಒಳಗೆ ಹೋಗುವುದರೊಳಗೆ ಅರ್ಧ ಜಗಳ ಮುಗಿಸಿಬಿಡುತ್ತಿದ್ದೆವು. ಸರ್ ಬಂದು ಕೀಲಿ ತೆಗೆದು, ಪುಸ್ತಕಗಳ ಮೇಲೆ ಕೂತ ಸಿಮೆಂಟ್ ಕಾರ್ಖಾನೆಯ ಧೂಳನ್ನು ಅರಿವೆಯಿಂದ ಒರೆಸುತ್ತ, "ಉಳಿದಿದ್ದು ಒಳಗ ಬಂದು ಬಡದಾಡ್ರಿ" ಅನ್ನುತ್ತಿದ್ದರು.

ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವರ ಮಾತನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ. ತೊಂಬತ್ತರ ದಶಕದ ಕೊನೆಯ ಆ ಗ್ರಂಥಾಲಯದಲ್ಲಿ ಫ್ಯಾನು ತಿರುಗಿದ್ದಕ್ಕಿಂತ ನಿಂತದ್ದೇ ಹೆಚ್ಚು. ಬೇಕಾದ ಪುಸ್ತಕ ಸಿಗುತ್ತಿರಲಿಲ್ಲ, ಸಿಕ್ಕರೆ ಕೊನೆಯ ಹಾಳೆ ಇರುತ್ತಿರಲಿಲ್ಲ. ಇಷ್ಟೆಲ್ಲ ಹೇಳಿಯೂ, ಬೇಸಿಗೆ ರಜೆಯ ಆ ಭಾನುವಾರಗಳ ವಿಷಯಕ್ಕೆ ಬಂದರೆ ನನ್ನ ವಾದ ಯಾಕೋ ಸೋಲುತ್ತದೆ.

ಸರ್ ಮಾಡಿದ ನಿಯಮ ವಿಚಿತ್ರವಾಗಿತ್ತು. ವಾರದ ಮೊದಲಿಗೆ ಒಂದು ವಿಷಯ ಕೊಟ್ಟು, ಅದಕ್ಕೆ ಹೊಂದುವ ಪುಸ್ತಕಗಳನ್ನು ಮೇಜಿನ ಮೇಲೆ ಇಡುತ್ತಿದ್ದರು. ನಾವು ಓದಿಕೊಂಡು ಬರಬೇಕು. ಭಾನುವಾರ ಬಾಗಿಲಲ್ಲಿ ಒಬ್ಬೊಬ್ಬರೇ ನಮ್ಮ ನಿಜವಾದ ಅಭಿಪ್ರಾಯವನ್ನು ಅವರ ಕಿವಿಯಲ್ಲಿ ಹೇಳಬೇಕು. ಒಳಗೆ ಹೋದ ಮೇಲೆ ಅದರ ವಿರುದ್ಧದ ಕಡೆ ನಿಂತು ಮಾತಾಡಬೇಕು! "ನಿಮಗ ಗೊತ್ತಿದ್ದಿದ್ದು ನಿಮಗ ಗೊತ್ತೇ ಅದ. ಆ ಕಡಿಗಿ ಏನದ ನೋಡಿ ಬರ್ರಿ" ಎಂಬುದು ಅವರ ಸಮರ್ಥನೆ.

ಆ ಗುಂಪಿನಲ್ಲಿ ನನಗೆ ಸರಿಸಾಟಿ ಅಂದರೆ ನನ್ನ ಗೆಳತಿ. ನಮ್ಮದು ಮೇಷ್ಟ್ರ ಮನೆ, ಅವರದು ಅಡತಿ ಅಂಗಡಿ. ರೈತರ ತೊಗರಿ ಅವಳ ಅಪ್ಪನ ಕೈಯಿಂದ ದಾಲ್ ಮಿಲ್ಲುಗಳಿಗೆ ಹೋಗುತ್ತಿತ್ತು. ಅವಳಿಗೂ ನನಗೂ ಯಾವ ವಿಷಯದಲ್ಲೂ ಸರಿಬರುತ್ತಿರಲಿಲ್ಲವಾದ್ದರಿಂದ ಸದಾ ಎದುರುಬದುರು ನಿಲ್ಲುತ್ತಿದ್ದೆವು. ಒಂದೇ ಒಂದು ವಿಷಯದಲ್ಲಿ ಒಮ್ಮತವಿತ್ತು: ಹುಡುಗಿಯರ ಓದು ಹತ್ತನೆಯ ತರಗತಿಗೆ ನಿಲ್ಲಬಾರದು. ಹತ್ತನೆಯ ಪರೀಕ್ಷೆ ಬರೆದಾಗಿತ್ತು. ಅವಳಿಗೆ ಕಲಬುರಗಿಗೆ ಹೋಗಿ ಸೈನ್ಸ್ ಓದಬೇಕಿತ್ತು. ಅವಳ ಅಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

ರಜೆಯ ಕೊನೆಗೆ ದೊಡ್ಡವರನ್ನೂ ಕರೆದು ಚರ್ಚೆ ಇಟ್ಟೆವು. ವಿಷಯ ನಾವೇ ಆರಿಸಿದ್ದು: ಹುಡುಗಿಯರಿಗೆ ಹತ್ತನೇ ತರಗತಿ ಸಾಕೇ? ನಿಯಮದ ಪ್ರಕಾರ ನಾವಿಬ್ಬರೂ ಸಾಕು ಎನ್ನುವ ಕಡೆ ಬಿದ್ದೆವು. ಸಾಕು ಎಂದು ನಿಜವಾಗಿಯೂ ನಂಬಿದ್ದ ಇಬ್ಬರು ಹುಡುಗರು ಓದಿಸಬೇಕು ಎಂದು ಮುಖ ಹುಳ್ಳಗೆ ಮಾಡಿಕೊಂಡು ಒದರಿದರು. ನಾನು ನನ್ನ ಪಾಲಿನದು ಮುಗಿಸಿದೆ. ಆಮೇಲೆ ಅವಳು ಎದ್ದಳು.

"ಕಲಬುರಗಿ ದೂರ ಅದ. ಹಾಸ್ಟೆಲ್ ಊಟ ಬಾಯಿಗಿಡಾಕ ಬರಂಗಿಲ್ಲ. ಕಲಿತು ಮಾಡೋದಾದ್ರೂ ಏನದ?"

ಅವೆಲ್ಲ ಅವಳು ಮನೆಯಲ್ಲಿ ದಿನಾ ಕೇಳಿ ಬಾಯಿಪಾಠವಾಗಿದ್ದ ಮಾತುಗಳು. ಹಿಂದಿನ ಸಾಲಿನಲ್ಲಿ ಕೂತ ಅವಳ ಅಪ್ಪ ತಮ್ಮದೇ ಮಾತು ಮಗಳ ಬಾಯಲ್ಲಿ ಅಷ್ಟು ಚಂದ ಬರುವುದನ್ನು ಕೇಳಿ ಮೀಸೆ ಮೇಲೆ ಕೈಯಾಡಿಸಿದರು. ಚಪ್ಪಾಳೆಯೂ ಅವಳಿಗೇ ಬಿತ್ತು. ನಮ್ಮ ನಿಯಮವನ್ನು ಬಂದವರಿಗೆ ಹೇಳಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ನಮಗದು ಉಸಿರಾಡಿದಷ್ಟು ರೂಢಿಯಾಗಿತ್ತು.

ಮರುದಿನ ಅವಳು ಅಳುತ್ತ ನಮ್ಮ ಮನೆಗೆ ಬಂದಳು. "ಅಪ್ಪ ಎಲ್ಲರಿಗೂ ಹೇಳಿಕೋತ ಹೊಂಟಾರ. ಮಗಳಿಗೇ ಕಲಿಯೋ ಮನಸಿಲ್ಲ, ನಾ ಯಾಕ ಒತ್ತಾಯ ಮಾಡ್ಲಿ ಅಂತ!"

ವಾದ ಅಂದರೆ ನಾನು. ಅವಳನ್ನು ಕರೆದುಕೊಂಡು ಸೀದಾ ಅವಳ ಅಪ್ಪನ ಅಂಗಡಿಗೆ ಹೋದೆ.

"ಕಾಕಾ, ಅದು ಆಕಿ ಖರೇ ಮಾತಲ್ರಿ. ನಮ್ಮ ನಿಯಮಾನೇ ಹಂಗದ."

"ಹಂಗಾದ್ರ ಅಷ್ಟು ಮಂದಿ ಮುಂದ ಸುಳ್ಳು ಹೇಳಿದಳೇನು?"

"ನೀವು ತೊಗರಿ ತಗೊಳ್ಳೋವಾಗ ಹುಳ ಹತ್ಯಾವ ಅಂತೀರಿ, ಅದೇ ತೊಗರಿ ಮಾರೋವಾಗ ಮುತ್ತಿನಂಗ ಅವ ಅಂತೀರಿ. ಅದು ಸುಳ್ಳೇನ್ರಿ ಕಾಕಾ?"

ಚೀಲ ಹೊರುತ್ತಿದ್ದ ಹಮಾಲರು ಕಿಸಕ್ಕನೆ ನಕ್ಕರು. ವಾದ ಗೆದ್ದೆ ಅಂದುಕೊಂಡೆ. ಕಾಕಾನ ಮುಖ ಕೆಂಪಾಯಿತು.

"ಅದು ವ್ಯಾಪಾರ, ಇದು ಮನಿ ವಿಚಾರ. ಮೇಷ್ಟ್ರ ಮಗಳು, ಭಾಳ ಶಾಣ್ಯಾ ಆಗೀದಿ. ಮನಿಗಿ ನಡಿ."

ಹೊರಗೆ ಬಂದ ಮೇಲೆ ಗೆಳತಿ ನನ್ನ ಬೆನ್ನಿಗೆ ಗುದ್ದಿದಳು. "ಇದ್ದಿದ್ದೂ ಕೆಡಿಸಿದಿ ನೋಡು!"

ಸರ್‌ಗೆ ವಿಷಯ ಮುಟ್ಟಿಸಿದೆವು. ಅವರು ಯಾವ ವಾದಕ್ಕೂ ಹೋಗಲಿಲ್ಲ. ಅಂಗಡಿಗೆ ಹೋಗಿ ಚಹಾ ಕುಡಿದು, "ಸಾವಕಾರ್ರೇ, ಮಗಳು ಇಷ್ಟು ಚಲೋ ಮಾತಾಡ್ತಾಳಂದ್ರ ಅಪ್ಪ ಎಷ್ಟು ಮಾತಾಡಬೇಕು? ಬರೋ ಭಾನುವಾರ ನೀವೇ ಬರ್ರಿ" ಎಂದು ಆಮಂತ್ರಣ ಕೊಟ್ಟು ಬಂದರು. ಕಾಕಾ ಬಜಾರಿನಲ್ಲಿ ಮಾತಿಗೆ ಹೆಸರಾದ ಮನುಷ್ಯ. ಒಲ್ಲೆ ಅನ್ನಲು ಅವರಿಂದ ಆಗಲಿಲ್ಲ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ವಿಷಯ ಹಿಂದಿನ ವಾರದ್ದೇ. ಈ ಸಲ ಸರ್ ನಿಯಮವನ್ನು ಎಲ್ಲರಿಗೂ ಬಿಡಿಸಿ ಹೇಳಿದರು. ಕಾಕಾ ಬಾಗಿಲಲ್ಲಿ ಗಟ್ಟಿಯಾಗಿಯೇ "ಹತ್ತನೇ ಸಾಕು" ಅಂದರು.

"ಹಂಗಾದ್ರ ಮುಂದ ಓದಿಸಬೇಕು ಅನ್ನೋ ಕಡಿಗಿ ನೀವು. ಕುಂದ್ರಿ" ಅಂದರು ಸರ್.

ಮೊದಮೊದಲು ಕಾಕಾ ತಡವರಿಸಿದರು. ಆಮೇಲೆ ಅವರಿಗೆ ಅಂಗಡಿಯ ಧಾಟಿ ಸಿಕ್ಕಿತು. ಎದುರಿಗೆ ಚೌಕಾಸಿ ಮಾಡುವ ಗಿರಾಕಿ ಕೂತಿದ್ದಾನೆ ಎಂಬಂತೆ ತಾವೇ ಪ್ರಶ್ನೆ ಎತ್ತಿ ತಾವೇ ಉತ್ತರ ಕೊಡತೊಡಗಿದರು.

"ದೂರ ಆಯ್ತು ಅಂತೀರಿ? ಕಲಬುರಗಿ ಏನು ದಿಲ್ಲಿ ಏನ್ರೀ? ನನ್ನ ತೊಗರಿ ವಾರ ವಾರ ಹೋಗ್ತದ. ತೊಗರಿ ಹೋಗಬೋದು, ಹುಡುಗಿ ಹೋಗಬಾರದೇನು?" ಎಲ್ಲರೂ ನಕ್ಕರು. ನಗು ಅವರಿಗೆ ಇನ್ನಷ್ಟು ಹುರುಪು ಕೊಟ್ಟಿತು. "ಹಾಸ್ಟೆಲ್ ಊಟ ಚಲೋ ಇರಂಗಿಲ್ಲ ಅಂತೀರಿ? ಬ್ಯಾಡ ಬಿಡ್ರಿ ಹಾಸ್ಟೆಲ್. ಅಲ್ಲೇ ನಮ್ಮ ಅಕ್ಕನ ಮನಿ ಇಲ್ಲೇನು? ಮ್ಯಾಲಿನ ಖೋಲಿ ಖಾಲಿ ಅದ. ಕಿಡಕಿ ಹಿತ್ತಲ ಕಡಿಗಿ ಅದ, ಗದ್ದಲ ಇಲ್ಲ, ಓದಾಕ ಚಲೋ. ಅಲ್ಲಿಂದ ಕಾಲೇಜು ಎಷ್ಟರ ದೂರ? ನಾನೇ ನಡದು ನೋಡೀನಿ."

ಗೆಳತಿ ನನ್ನ ಮುಂಗೈಯನ್ನು ಉಗುರು ಊರುವಂತೆ ಹಿಡಿದಳು. "ಯಾವಾಗ ನಡದು ನೋಡ್ಯಾರ ಲೇ? ಮನ್ಯಾಗ ಒಮ್ಮಿನೂ ಅಂದಿಲ್ಲ!"

ಕಾಕಾನಿಗೂ ತಾವು ಅಂದದ್ದು ಆಗ ಕೇಳಿಸಿತೋ ಏನೋ. ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಕೂತುಬಿಟ್ಟರು. "ನಿಮ್ಮ ನಿಯಮ ಭಾಳ ಖರಾಬ್ ಅದ ಸರ್."

"ಈಗ ನಿಮ್ಮ ಖರೇ ಮಾತೇನು, ಹೇಳ್ರಿ ಸಾವಕಾರ್ರೇ."

"ಅದು ಮನ್ಯಾಗ ಹೇಳ್ತೀನಿ ತಗೋರಿ" ಅನ್ನುತ್ತ ಚಪ್ಪಲಿ ಹುಡುಕತೊಡಗಿದರು.

ಮನೆಯಲ್ಲಿ ಏನು ಹೇಳಿದರೋ ನಾನು ಕೇಳಿಲ್ಲ. ಕಾಕಾನ ಮನಸ್ಸನ್ನು ಬದಲಿಸಿದ್ದು ಆ ಭಾನುವಾರವೇ ಎಂಬುದು ನನ್ನ ವಾದ. ಅಪ್ಪ ಮೊದಲೇ ಅರ್ಧ ಒಪ್ಪಿದ್ದರು, ಬಾಯಿ ಬಿಡಲು ಒಂದು ನೆವ ಬೇಕಿತ್ತು ಎಂಬುದು ಅವಳ ವಾದ. ಇಂದಿಗೂ ಇಬ್ಬರೂ ಜಗ್ಗಿಲ್ಲ. ಜೂನಿನಲ್ಲಿ ಕಲಬುರಗಿ ಬಸ್ಸಿನ ಮೇಲೆ ಅವಳ ಹಾಸಿಗೆ ಸುರುಳಿ ಏರಿತು. ಹಗ್ಗ ಸರಿಯಾಗಿ ಬಿಗಿದಿಲ್ಲವೆಂದು ಕಾಕಾ ಕಂಡಕ್ಟರನ ಜೊತೆ ಬಸ್ಸು ಹೊರಡುವವರೆಗೂ ಜಗಳಾಡಿದರು. ನಾನು ಊರಲ್ಲೇ ಆರ್ಟ್ಸ್ ಸೇರಿದೆ.

ಮುಂದಿನ ಭಾನುವಾರ ಗ್ರಂಥಾಲಯದಲ್ಲಿ ನನ್ನ ಎದುರು ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಸರ್ ಸುತ್ತ ನೋಡಿ, ತಾವೇ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ವಾದವನ್ನು ಚೆನ್ನಾಗಿಯೇ ಮಾಡಿದರು. ಆದರೆ ಅವರು ನನ್ನ ಮಾತು ಮುಗಿಯುವವರೆಗೆ ಕಾದು, ಆಮೇಲೆ ಉತ್ತರ ಕೊಡುತ್ತಿದ್ದರು. ಅವಳು ಒಂದು ದಿನವೂ ಹಾಗೆ ಕಾದವಳಲ್ಲ.